ಐದೂವರೆಯ ಕರಡಿ

ಮಾದಲಿಯ ವಾಸನೆ ಬಂದರೆ ನಮ್ಮ ಕಡೆಯವರಿಗೆಲ್ಲ ಮದುವೆಮನೆ ನೆನಪಾಗುತ್ತದೆ. ಗೋಧಿಹಿಟ್ಟಿನ ದಪ್ಪ ರೊಟ್ಟಿ ಬೇಯಿಸಿ, ಪುಡಿ ಮಾಡಿ, ಬೆಲ್ಲ, ತುಪ್ಪ, ಒಣಕೊಬ್ಬರಿ, ಗಸಗಸೆ, ಸುಂಠಿ ಬೆರೆಸಿದ ಆ ಸಿಹಿಪುಡಿಯ ಡಬ್ಬಿ ತೆಗೆದರೆ ಸಾಕು, ಪಂಕ್ತಿಯಲ್ಲಿ ಕೂತು ಉಂಡ ಊಟಗಳೆಲ್ಲ ನೆನಪಿಗೆ ಬರುತ್ತವೆ. ನನಗೆ ಮಾತ್ರ ಕರಡಿ ನೆನಪಾಗುತ್ತದೆ. ಅದರ ಹಿಂದೆಯೇ ಒಂದು ಚೀಲ ನೆನಪಾಗುತ್ತದೆ.

ಮೊನ್ನೆ ಭಾನುವಾರ ಧಾರವಾಡದ ಸಪ್ತಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಆ ವಾಸನೆ ಬಂತು. ಅಡುಗೆಮನೆಯಿಂದಲ್ಲ, ಅದೇ ಚೀಲದಿಂದ. ಚೀಲ ತಂದವರು ಎದುರಿನ ಕುರ್ಚಿಯಲ್ಲಿ ಕೂತಿದ್ದರು. ಅವರು ನಮ್ಮ ಮನೆಗೆ ಬಂದದ್ದು ಯಾಕೆ ದೊಡ್ಡ ಮಾತು ಎಂದು ಹೇಳಬೇಕಾದರೆ ಎರಡು ವರ್ಷದ ಹಿಂದಿನ ಬೇಸಿಗೆಗೆ ಹೋಗಬೇಕು.

ನಾನು ಧಾರವಾಡದ ಒಂದು ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಪ್ರಾಣಿಶಾಸ್ತ್ರ ಕಲಿಸಿದವಳು. ಆದರೆ ಪ್ರಾಣಿಗಳಿಗಿಂತ ಹೆಚ್ಚಾಗಿ ನೋಡಿದ್ದು ಪರೀಕ್ಷೆಯಲ್ಲಿ ಕಾಪಿ ಹೊಡೆಯುವ ಹುಡುಗರನ್ನು. ಚೀಟಿ ಎಲ್ಲಿರುತ್ತದೆ ಎಂದು ಬಾಗಿಲಲ್ಲಿ ನಿಂತೇ ಹೇಳುತ್ತಿದ್ದೆ. ಅಂಗಿಯ ಕಾಲರಿನೊಳಗೆ, ಗಡಿಯಾರದ ಪಟ್ಟಿಯ ಕೆಳಗೆ, ಕಂಪಾಸ್ ಪೆಟ್ಟಿಗೆಯ ತಳದಲ್ಲಿ. ಹುಡುಗರು ನನ್ನನ್ನು ‘ಬ್ಯಾಟರಿ ಅಕ್ಕಾರು’ ಎಂದು ಕರೆಯುತ್ತಿದ್ದರು, ಮುಖಕ್ಕೆ ಬ್ಯಾಟರಿ ಬಿಟ್ಟ ಹಾಗೆ ನೋಡುತ್ತೇನೆಂದು. ನಿವೃತ್ತಿಯಾದ ಮೇಲೆ ಕೆಲಸ ಹೋಯಿತು, ಗುಣ ಹೋಗಲಿಲ್ಲ. ಹಾಲಿನವನು ನೀರು ಬೆರೆಸುತ್ತಾನೆ ಎನಿಸುತ್ತಿತ್ತು. ಪಕ್ಕದ ಬಾಡಿಗೆ ಕೋಣೆಯ ವಿದ್ಯಾರ್ಥಿಗಳು ನಮ್ಮ ನಳಕ್ಕೆ ಪೈಪು ಹಚ್ಚುತ್ತಾರೆ ಎನಿಸುತ್ತಿತ್ತು. ಎದುರುಮನೆಯ ನಾಯಿ ಬೇಕಂತಲೇ ನಮ್ಮ ಗೇಟಿನ ಮುಂದೆ ಮಲಗುತ್ತದೆ ಎಂದೂ ಎನಿಸುತ್ತಿತ್ತು.

“ನಿನಗ ಒಂದು ಕೆಲಸ ಬೇಕು ನೋಡು,” ಎಂದರು ನಮ್ಮವರು, ಪೇಪರಿನಿಂದ ತಲೆ ಎತ್ತದೆ. “ಇಲ್ಲಾಂದ್ರ ನಾಳೆ ನನ್ನ ಕಿಸೆಯಾಗ ಚೀಟಿ ಹುಡುಕತಿ.”

ಕೆಲಸ ತಾನಾಗಿಯೇ ಮನೆಗೆ ಬಂತು. ತಂದವನು ಶಿವಾನಂದ. ಹುಬ್ಬಳ್ಳಿಯ ಅರಳೆ ವ್ಯಾಪಾರಿಗಳ ಮನೆಯ ಹುಡುಗ, ನನ್ನ ಹಳೆಯ ವಿದ್ಯಾರ್ಥಿ. ಒಮ್ಮೆ ಅವನ ಕಾಲುಚೀಲದಿಂದ ಕಪ್ಪೆಯ ಜೀರ್ಣಾಂಗದ ಪೂರ್ತಿ ಚಿತ್ರ ತೆಗೆದಿದ್ದೆ. ಅವನೀಗ ಕಲಘಟಗಿ ದಾಟಿ, ಹೊಲಗಳು ಮುಗಿದು ಕಾಡು ಶುರುವಾಗುವಲ್ಲಿ ಜಮೀನು ಹಿಡಿದು, ತೋಟ ಮಾಡಿ, ಐದು ಹಂಚಿನ ಕೋಣೆ ಕಟ್ಟಿಸಿದ್ದ. ಪಟ್ಟಣದವರು ಬಂದು ಎರಡು ದಿನ ಇದ್ದು, ಕಾಡಿನ ಅಂಚಿನ ಅಟ್ಟಣಿಗೆಯ ಮೇಲೆ ಕೂತು ಕರಡಿ, ಜಿಂಕೆ, ನವಿಲು ನೋಡಿಕೊಂಡು ಹೋಗುತ್ತಿದ್ದರು. ಮುಖ್ಯವಾಗಿ ಕರಡಿ.

“ಮೇಡಂ, ಈ ಬ್ಯಾಸಗಿ ನಮ್ಮಲ್ಲೇ ಬಂದು ಇರ್ರಿ,” ಎಂದ. “ಅರಣ್ಯ ಕಚೇರಿಯವ್ರು ಒಂದು ಷರತ್ತು ಹಾಕ್ಯಾರ. ತಿನಿಸು ಹಾಕಿ ಕರಡಿ ಕರಿಸಿದ್ರ ಅಟ್ಟಣಗಿ ಬಂದ್. ಹಾಕಿಲ್ಲ ಅನ್ನೂದಕ್ಕ ತಿಳದವ್ರು ಒಬ್ರು ದಿನಾ ಕೂತು ರಜಿಸ್ಟರ್ ಬರೀಬೇಕು. ನಿಮ್ಮ ಅಕ್ಷರ ಇತ್ತಂದ್ರ ಯಾರೂ ಎರಡು ಮಾತು ಆಡಂಗಿಲ್ಲ.”

“ಊರಾಗ ಇಷ್ಟು ಮಂದಿ ಇರ್ಬೇಕಾದ್ರ ನಾನ ಯಾಕ?”

“ನಿಮ್ಮ ಕಣ್ಣು ತಪ್ಪಸೂದು ಎಷ್ಟು ಕಷ್ಟ ಅಂತ ನನಗಿಂತ ಛಲೋ ಯಾರಿಗೆ ಗೊತ್ತೈತ್ರಿ?”

ಹೊಗಳಿಕೆಗೆ ಸೋಲದವಳು ನಾನಲ್ಲ. ಆದರೆ ಒಪ್ಪಿಕೊಂಡ ಕ್ಷಣವೇ ಅನುಮಾನವೂ ಬಂತು. ಕಾಲುಚೀಲದಲ್ಲಿ ಕಪ್ಪೆ ಇಟ್ಟವನು ಕಾಡಿನಲ್ಲಿ ಏನಿಡುವುದಿಲ್ಲ? ಶಿವರಾತ್ರಿ ಮುಗಿದ ವಾರ ಒಂದು ಸೂಟ್‌ಕೇಸು, ದುರ್ಬೀನು ಮತ್ತು ಎರಡು ಸೇರು ಹಿಡಿಯುವ ಡಬ್ಬಿಯ ತುಂಬ ಮಾದಲಿ ತೆಗೆದುಕೊಂಡು ಹೊರಟೆ. ಬೇರೆಯವರ ಎಣ್ಣೆ ನನಗೆ ಒಗ್ಗುವುದಿಲ್ಲ. ರೊಟ್ಟಿ, ಶೇಂಗಾ ಹಿಂಡಿ, ಮಾದಲಿ ಇದ್ದರೆ ನನ್ನ ಮಧ್ಯಾಹ್ನ ಮುಗಿಯುತ್ತದೆ.

ಆ ಜಾಗ ಚೆನ್ನಾಗಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಆಗ ಒಪ್ಪಿಕೊಂಡಿರಲಿಲ್ಲ. ಮೊದಲ ಬೆಳಿಗ್ಗೆ ನವಿಲು ಕೂಗಿದಾಗ ಮರದಲ್ಲಿ ಎಲ್ಲಾದರೂ ಸ್ಪೀಕರ್ ಕಟ್ಟಿದ್ದಾರೆಯೇ ಎಂದು ಸುತ್ತ ನೋಡಿ ಬಂದಿದ್ದೆ. ಸ್ಪೀಕರ್ ಇರಲಿಲ್ಲ, ಏಳು ನವಿಲು ಇದ್ದವು. ಮುತ್ತುಗದ ಮರಗಳು ಎಲೆ ಉದುರಿಸಿ ಕೆಂಪಗೆ ಹೂಬಿಟ್ಟಿದ್ದವು. ನೆಲದ ತುಂಬ ಒಣಗಿದ ಎಲೆ. ಅಲ್ಲಿ ಉಡ ನಡೆದರೂ ಆನೆ ನಡೆದ ಸದ್ದು ಬರುತ್ತಿತ್ತು. ಹೊತ್ತು ಏರಿದಂತೆ ಗಾಳಿ ನಿಂತುಬಿಡುತ್ತಿತ್ತು, ಮಂಗಟ್ಟೆ ಹಕ್ಕಿಗಳು ಆಲದ ಹಣ್ಣಿಗೆ ಜಗಳವಾಡಿ ಸುಮ್ಮನಾಗುತ್ತಿದ್ದವು.

ಅಟ್ಟಣಿಗೆ ಒಂದು ದೊಡ್ಡ ಹುಣಸೆಮರಕ್ಕೆ ಹೊಂದಿಸಿ ಕಟ್ಟಿದ್ದು, ಏಣಿ ಹತ್ತಿ ಹೋಗಬೇಕು. ಎದುರಿಗೆ ಐವತ್ತು ಹೆಜ್ಜೆಯಲ್ಲಿ ಒಂದು ಹಾಸುಬಂಡೆ. ಬಂಡೆಯ ನಡುವೆ ಒಂದು ಹೊಂಡ, ಅದರಲ್ಲಿ ಬೇಸಿಗೆಯಲ್ಲೂ ಇಂಗದ ನೀರು. ಅತಿಥಿಗಳು ಬರುವುದು ನಾಲ್ಕಕ್ಕೆ. ನಾನು ಎರಡಕ್ಕೇ ಹೋಗಿ, ಮರದ ಬುಡದ ನೆರಳಿನಲ್ಲಿ ಕೂತು ಊಟ ಮುಗಿಸಿ, ಮೂರಕ್ಕೆ ಮೇಲೆ ಹತ್ತಿ ರಜಿಸ್ಟರ್ ಬಿಚ್ಚುತ್ತಿದ್ದೆ.

ಊಟದ ಮುಂಚೆ ಒಂದು ತುತ್ತು ತೆಗೆದಿಡುವುದು ನಮ್ಮ ತವರಿನ ರೂಢಿ. ಕಾಗೆಗೋ ಇರುವೆಗೋ, ಯಾರಿಗೆ ಹಸಿವೆಯೋ ಅವರಿಗೆ. ಅದನ್ನು ತೆಗೆದಿಡದೆ ಅವ್ವ ನಮ್ಮ ಕೈ ತಟ್ಟೆಗೆ ಮುಟ್ಟಗೊಡುತ್ತಿರಲಿಲ್ಲ. ಸಪ್ತಾಪುರದಲ್ಲಿ ಕಾಂಪೌಂಡ್ ಗೋಡೆಯ ಮೇಲೆ ಇಡುತ್ತೇನೆ, ಅಲ್ಲಿ ಹುಣಸೆಬುಡದಲ್ಲಿ ಮುತ್ತುಗದ ಎಲೆಯ ಮೇಲೆ ಇಡುತ್ತಿದ್ದೆ. ಅರವತ್ತು ವರ್ಷದ ರೂಢಿ. ಹಲ್ಲುಜ್ಜಿದ್ದು ಯಾರಿಗೆ ನೆನಪಿರುತ್ತದೆ?

ಅಲ್ಲಿಯ ಕಾವಲು ಮತ್ತು ದಾರಿ ತೋರಿಸುವ ಕೆಲಸ ಫಕೀರಪ್ಪನವರದು. ಐವತ್ತೈದು ದಾಟಿದ, ಮಾತು ಕಡಿಮೆಯ ಮನುಷ್ಯ. ಕಾಡಿನ ಅಂಚಿನ ಊರಿನವರು, ದಿನಾ ನಡೆದೇ ಬರುತ್ತಿದ್ದರು. ಎಡಗೈಯಲ್ಲಿ ಎರಡು ಬೆರಳು ಇಲ್ಲ. ಹೊಸ ಅತಿಥಿಗಳು ಬಂದಾಗಲೆಲ್ಲ ಆ ಕೈ ಎತ್ತಿ ತೋರಿಸಿ ಒಂದೇ ಮಾತು ಹೇಳುತ್ತಿದ್ದರು.

“ಇಲ್ಲಿ ಒಂದು ಬಿಸ್ಕೀಟಿನ ಚೂರೂ ಚೆಲ್ಲಬ್ಯಾಡ್ರಿ. ನಾ ಸಣ್ಣಾವಿದ್ದಾಗ ನಮ್ಮೂರ ಗಾಣದ ಮನಿಗೆ ಒಂದು ಕರಡಿ ಬರ್ತಿತ್ತು. ಮಂದಿ ಮಜಾ ಅಂತ ಬೆಲ್ಲ ಒಗಿಯೋರು. ಬೆಲ್ಲದ ರುಚಿ ಹತ್ತಿದ ಮ್ಯಾಲ ಅದಕ್ಕ ಮನಷ್ಯಾರ ಅಂಜಿಕಿ ಹೋತು. ಒಂದಿನ ಬೆಲ್ಲ ಇರಲಿಲ್ಲ, ನನ್ನ ಕೈ ಇತ್ತು. ಎರಡು ಬಟ್ಟು ನಂದು ಹೋತು. ಮರುದಿನ ಬಡಿಗಿ ತಗೊಂಡು ಹೋಗಿ ಅದರ ಜೀವ ತಗದ್ರು. ತಪ್ಪು ಕರಡೀದಲ್ರಿ.”

ಅತಿಥಿಗಳು ಬಾಯಿ ತೆರೆದು ಕೇಳುತ್ತಿದ್ದರು. ನಾನು ಹಿಂದೆ ನಿಂತು, ಕಂಠಪಾಠ ಮಾಡಿದ ಉತ್ತರ ಎಂದುಕೊಳ್ಳುತ್ತಿದ್ದೆ. ಪ್ರಶ್ನೆ ಕೇಳುವ ಮೊದಲೇ ಉತ್ತರ ಹೇಳುವ ಹುಡುಗನ ಡೆಸ್ಕಿನ ಕೆಳಗೆ ನಾನು ಯಾವಾಗಲೂ ಕೈ ಹಾಕಿ ನೋಡುತ್ತಿದ್ದೆ.

ಅನುಮಾನಕ್ಕೆ ಕಾರಣ ಗಡಿಯಾರ. ಮೊದಲ ದಿನ ಕರಡಿ ಬಂತು. ಬಂಡೆಯ ಹಿಂದಿನ ಪೊದೆಯಿಂದ ಮೊದಲು ಬೂದುಬಣ್ಣದ ಮೂತಿ, ಆಮೇಲೆ ಕೆದರಿದ ಕಪ್ಪು ಕೂದಲಿನ ರಾಶಿ, ಬೆನ್ನ ಮೇಲೆ ಕೂದಲು ಹಿಡಿದು ಕೂತ ಒಂದು ಮರಿ. ತಾಯಿ ನೀರು ಕುಡಿದು, ಹುತ್ತ ಅಗೆದು, ಮೂತಿ ಒಳಗಿಟ್ಟು ಗೆದ್ದಲು ಎಳೆದುಕೊಂಡ ಸದ್ದು ಅಟ್ಟಣಿಗೆಯ ತನಕ ಕೇಳಿಸಿತು. ಇಷ್ಟು ವರ್ಷ ಹಲಗೆಯ ಮೇಲೆ ಚಿತ್ರ ಬರೆದು ಕಲಿಸಿದ ಪ್ರಾಣಿ ಎದುರಿಗೆ ನಿಂತಾಗ ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ. ಕಣ್ಣೊರೆಸಿಕೊಂಡು ಗಡಿಯಾರ ನೋಡಿದೆ. ಐದೂವರೆ.

ಮರುದಿನ ಐದೂವರೆ. ಅದರ ಮರುದಿನ ಐದು ಮೂವತ್ತೈದು. ಹೀಗೆ ಹನ್ನೊಂದು ದಿನ. ಹುಬ್ಬಳ್ಳಿಯ ಬಸ್ಸು ಕೂಡ ಇಷ್ಟು ಸರಿಯಾಗಿ ಬರುವುದಿಲ್ಲ. ಕಾಡುಪ್ರಾಣಿ ಗಡಿಯಾರ ನೋಡಿ ಬರಬೇಕಾದರೆ ಯಾರೋ ತಟ್ಟೆ ಬಡಿಯುತ್ತಿರಬೇಕು. ಶಿವಾನಂದನನ್ನು ಕೇಳಿದರೆ ನಕ್ಕ. ಫಕೀರಪ್ಪ ಮಾತ್ರ, “ಬಿಸಲು ಆ ಹಾಸಬಂಡಿ ಬಿಟ್ಟು ಇಳೀಬೇಕಲ್ರಿ ಅಕ್ಕಾರ. ಕಾದ ಬಂಡಿ ಮ್ಯಾಲ ಮರಿ ಹೊತ್ಕೊಂಡು ಹೆಂಗ ಬಂದೀತು,” ಎಂದರು. ಸರಳವಾದ ಮಾತು. ಸರಳವಾಗಿದ್ದದ್ದಕ್ಕೇ ನನಗೆ ನಂಬಿಕೆ ಬರಲಿಲ್ಲ.

ಆಮೇಲೆ ನಾನು ಕರಡಿ ನೋಡುವುದು ಕಡಿಮೆಯಾಯಿತು, ಫಕೀರಪ್ಪನವರನ್ನು ನೋಡುವುದು ಹೆಚ್ಚಾಯಿತು. ಮೂರೂವರೆಗೆ ಅವರು ಒಬ್ಬರೇ ಬರುತ್ತಿದ್ದರು. ಹೆಗಲಿಗೆ ಒಂದು ಖಾಕಿ ಬಟ್ಟೆಯ ಚೀಲ. ಹುಣಸೆಮರದ ಕೆಳಗೆ ಬಂದು ಎಡಕ್ಕೆ, ಬಲಕ್ಕೆ ಒಮ್ಮೆ ನೋಡುವರು. ಮೇಲೆ ಅಟ್ಟಣಿಗೆಯ ಹಲಗೆಯ ಸಂದಿನಿಂದ ನನಗೆ ಅವರ ರುಮಾಲು ಮಾತ್ರ ಕಾಣುತ್ತಿತ್ತು. ರುಮಾಲು ಬಗ್ಗುವುದು, ಕೈ ನೆಲಕ್ಕೆ ಹೋಗುವುದು, ಚೀಲಕ್ಕೆ ಹೋಗುವುದು. ಮತ್ತೆ ಬಂಡೆಯ ಹತ್ತಿರ ಹೋಗಿ ಅಲ್ಲೂ ಒಮ್ಮೆ ಬಗ್ಗಿ, ಹೊಂಡದ ಸುತ್ತ ಒಂದು ಸುತ್ತು ಹಾಕಿ ಹೋಗಿಬಿಡುವರು. ಒಂಬತ್ತು ದಿನ ನೋಡಿದೆ. ಒಂದು ದಿನವೂ ತಪ್ಪಲಿಲ್ಲ. ಎದೆ ಡವಡವ ಅನ್ನುತ್ತಿತ್ತು, ಚೀಟಿ ಇರುವ ಬೆಂಚು ಸಿಕ್ಕಾಗ ಬಡಿಯುತ್ತಿದ್ದ ಹಾಗೆಯೇ. ಆ ಖುಷಿಗೆ ಈಗ ನಾಚಿಕೆಯಾಗುತ್ತದೆ.

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಆ ಚೀಲ ಅಡುಗೆಮನೆಯ ಹೊರಗಿನ ಗೂಟಕ್ಕೆ ತೂಗುಹಾಕಿತ್ತು. ಫಕೀರಪ್ಪ ಅತಿಥಿಗಳನ್ನು ಕರೆದುಕೊಂಡು ಹಕ್ಕಿ ತೋರಿಸಲು ಹೋಗಿದ್ದರು. ನಾನು ಸುತ್ತ ನೋಡಿ ಚೀಲ ಇಳಿಸಿ ಬಾಯಿ ಬಿಚ್ಚಿದೆ. ಒಳಗೆ ಒಣಗಿದ ಮುತ್ತುಗದ ಎಲೆ ಎರಡು, ಮೂಲೆಯಲ್ಲಿ ಅಂಟಿಕೊಂಡ ಗೋಧಿಯ ಪುಡಿ. ಮೂಗಿನ ಹತ್ತಿರ ತಂದೆ. ಬೆಲ್ಲ, ತುಪ್ಪ.

ಕರಡಿ ಕರೆಸುವವರು ಗೋಧಿ ಪುಡಿಗೆ ಬೆಲ್ಲ ಕಲಸಿ ಬಂಡೆಗೆ ಹಚ್ಚುತ್ತಾರೆ ಎಂದು ನನಗೆ ಗೊತ್ತಿತ್ತು. ಪ್ರಾಣಿಶಾಸ್ತ್ರ ಕಲಿಸಿದವಳಿಗೆ ಬೇರೆ ಸಾಕ್ಷಿ ಯಾಕೆ ಬೇಕು? ಸುಂಠಿಯ ಘಾಟು ಕೂಡ ಮೂಗಿಗೆ ಬಡಿದಿತ್ತು. ಕರಡಿಯ ತಿನಿಸಿಗೆ ಯಾರು ಸುಂಠಿ ಹಾಕುತ್ತಾರೆ ಎಂದು ಒಂದು ಕ್ಷಣ ಯೋಚಿಸಿದ್ದರೂ ಸಾಕಿತ್ತು. ಯೋಚಿಸಲಿಲ್ಲ. ರಜಿಸ್ಟರಿನಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದೆ: ಕಾವಲುಗಾರರ ಚೀಲದಲ್ಲಿ ಬೆಲ್ಲ ಬೆರೆತ ಗೋಧಿ ಪುಡಿ ಕಂಡುಬಂದಿದೆ, ಕರಡಿಗೆ ತಿನಿಸು ಹಾಕುತ್ತಿರುವ ಬಲವಾದ ಅನುಮಾನವಿದೆ.

ಶಿವಾನಂದ ಓದಿ ಮುಖ ಸಣ್ಣದು ಮಾಡಿಕೊಂಡ. ಅರಣ್ಯ ಕಚೇರಿಯವರು ಬಂದು ಆ ಸಾಲು ನೋಡಿದರೆ ಅಟ್ಟಣಿಗೆ ಮುಚ್ಚುತ್ತಾರೆ, ಅಲ್ಲಿಯ ಆರು ಜನರ ಕೆಲಸ ಹೋಗುತ್ತದೆ. ಅವರು ಬರುವ ಮೊದಲೇ ತಪ್ಪು ಮಾಡಿದವರನ್ನು ಕಳಿಸಿದೆವು ಎಂದು ತೋರಿಸಬೇಕಿತ್ತು. ಫಕೀರಪ್ಪನವರನ್ನು ಕರೆಸಿ ಚೀಲವನ್ನು ಮೇಜಿನ ಮೇಲಿಟ್ಟ.

“ಕಾಕಾ, ಇದರಾಗ ಬೆಲ್ಲ ಎಲ್ಲಿಂದ ಬಂತು?”

ಫಕೀರಪ್ಪ ಚೀಲ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಬಹಳ ಹೊತ್ತು ನೋಡಿದರು. ಸಿಕ್ಕಿಬಿದ್ದವರು ಹಾಗೆ ನೋಡುವುದಿಲ್ಲ ಎಂದು ನನ್ನ ಮೂವತ್ತೊಂದು ವರ್ಷದ ಅನುಭವ ಹೇಳಬೇಕಿತ್ತು.

“ನಾ ಕರಡಿಗೆ ಏನೂ ಹಾಕಿಲ್ರಿ,” ಎಂದರು. ಅಷ್ಟೇ.

“ಮತ್ತ ಇದೇನು?”

ಫಕೀರಪ್ಪ ಚೀಲ ತೆಗೆದುಕೊಂಡು, ಮಡಚಿ, ಕಂಕುಳಲ್ಲಿ ಇಟ್ಟುಕೊಂಡು ಹೊರಟರು. ಬಾಗಿಲಲ್ಲಿ ನಿಂತು ಶಿವಾನಂದನಿಗೆ, “ಹೊಂಡದಾಗಿನ ಎಲಿ ದಿನಾ ತಗೀಬೇಕ್ರಿ, ನೀರು ಕೊಳೀತೈತಿ,” ಎಂದು ಹೇಳಿ ಹೋದರು. ಆ ರಾತ್ರಿ ನಮ್ಮವರಿಗೆ ಫೋನು ಮಾಡಿ ಕಳ್ಳನನ್ನು ಹಿಡಿದೆ ಎಂದೆ. “ಅವಾ ಒಪ್ಪಿಕೊಂಡನೇನು?” ಎಂದು ಕೇಳಿದರು. ಇಲ್ಲ ಎಂದೆ. ಅವರು ಹ್ಞೂಂ ಎಂದು ಫೋನು ಇಟ್ಟರು.

ಈಗ ಕರಡಿ ಹೊತ್ತು ತಪ್ಪಬೇಕಿತ್ತು, ಅಥವಾ ಬರುವುದನ್ನೇ ಬಿಡಬೇಕಿತ್ತು. ನಾನು ಪೆನ್ನು ಹಿಡಿದು ಅದನ್ನೇ ಕಾಯುತ್ತಿದ್ದೆ. ಮೂರು ದಿನ ಐದೂವರೆಗೇ ಬಂತು. ನಾಲ್ಕನೆಯ ದಿನ ನೀರು ಕುಡಿದು, ಹುತ್ತದ ಕಡೆಗೆ ಹೋಗದೆ, ಮೂತಿ ಗಾಳಿಗೆ ಎತ್ತಿ ನಮ್ಮ ಕಡೆಗೆ ನಾಲ್ಕು ಹೆಜ್ಜೆ ಬಂದು ನಿಂತಿತು. ಅತಿಥಿಗಳು ಫೋಟೊ ಹೊಡೆದೇ ಹೊಡೆದರು. ವಾರ ಕಳೆಯುವಷ್ಟರಲ್ಲಿ ಐದಕ್ಕೆ ಬಂತು, ಹುಣಸೆಮರದ ಬುಡದ ತನಕ ಬಂತು. ಶಿವಾನಂದನ ಮುಖ ಅರಳಿತು. ಇನ್ನೊಬ್ಬ ಯಾರೋ ಹಾಕುತ್ತಿದ್ದಾನೆ ಎಂದುಕೊಂಡೆ. ಅಡುಗೆಯವನ ಮೇಲೆ ಕಣ್ಣಿಟ್ಟೆ, ಹೊಸ ಕಾವಲುಗಾರನ ಮೇಲೆ ಕಣ್ಣಿಟ್ಟೆ, ಶಿವಾನಂದನ ಕಾಲುಚೀಲದ ಮೇಲೂ ಕಣ್ಣಿಟ್ಟೆ.

ಮೇ ತಿಂಗಳು. ಕವಳಿ ಹಣ್ಣು ಕಪ್ಪಾಗಿದ್ದವು. ಆ ದಿನ ಮೋಡ ಕವಿದು ಬಿಸಿಲೇ ಇರಲಿಲ್ಲ. ಊಟ ಮುಗಿಸಿ, ಡಬ್ಬಿ ಮುಚ್ಚಿ, ಏಣಿ ಹತ್ತಿ ಕೂತಿದ್ದೆ. ಮೂರು ಗಂಟೆಗೆ ಇನ್ನೂ ಐದು ನಿಮಿಷ ಇತ್ತು. ಕೆಳಗೆ ಒಣ ಎಲೆಯ ಸದ್ದಾಯಿತು. ಹೊಸ ಕಾವಲುಗಾರ ಬಂದ, ಈಗ ಸಿಕ್ಕಿಬೀಳುತ್ತಾನೆ ಎಂದು ಹಲಗೆಯ ಸಂದಿಗೆ ಕಣ್ಣಿಟ್ಟೆ.

ಕರಡಿಯ ಬೆನ್ನು ಕಂಡಿತು. ನನ್ನ ಕಾಲ ಕೆಳಗೆ, ಒಂದು ಆಳಿನ ಎತ್ತರದಷ್ಟೇ ದೂರದಲ್ಲಿ. ಅದು ಆ ಕಡೆ ಈ ಕಡೆ ಮೂಸಲಿಲ್ಲ, ಹುಡುಕಲಿಲ್ಲ. ನೇರವಾಗಿ ಬೇರಿನ ಸಂದಿಗೆ ಹೋಗಿ, ಮುತ್ತುಗದ ಎಲೆಯ ಮೇಲಿದ್ದ ನನ್ನ ತುತ್ತನ್ನು ಒಂದೇ ಉಸಿರಿಗೆ ಎಳೆದುಕೊಂಡಿತು. ಎಲೆಯನ್ನೂ ನೆಕ್ಕಿತು. ಮರಿ ಬೆನ್ನಿನಿಂದ ಇಳಿದು ಪಾಲಿಗೆ ಬಂತು. ತಾಯಿ ತಲೆ ಎತ್ತಿ ಏಣಿಯ ಮೊದಲ ಮೆಟ್ಟಿಲ ಮೇಲೆ ಉಗುರು ಇಟ್ಟು ಮೇಲೆ ನೋಡಿತು. ಮೇಲೆ ನಾನಿದ್ದೆ, ನನ್ನ ತೊಡೆಯ ಮೇಲೆ ಡಬ್ಬಿ ಇತ್ತು. ಹತ್ತು ನಿಮಿಷದ ಹಿಂದೆ ನಾನು ಅದೇ ಬೇರಿನ ಮೇಲೆ ಕೂತು ಕೈ ತೊಳೆದುಕೊಂಡಿದ್ದೆ.

ಎಷ್ಟು ಹೊತ್ತು ಹಾಗೆ ಕೂತಿದ್ದೆನೋ ಗೊತ್ತಿಲ್ಲ. ಉಸಿರು ಬಿಟ್ಟರೆ ಕೇಳಿಸುತ್ತದೆ ಎಂದು ಸೆರಗು ಬಾಯಿಗೆ ಒತ್ತಿಕೊಂಡಿದ್ದೆ. ದೂರದಲ್ಲಿ ಅತಿಥಿಗಳ ಜೀಪಿನ ಸದ್ದಾದಾಗ ಅದು ಮರಿಯನ್ನು ಬೆನ್ನಿಗೇರಿಸಿಕೊಂಡು ಬಂಡೆಯ ಹಿಂದೆ ಹೋಯಿತು. ಅಂದು ರಜಿಸ್ಟರಿನಲ್ಲಿ ಏನೂ ಬರೆಯಲಿಲ್ಲ.

ಮರುದಿನ ಬೆಳಿಗ್ಗೆ ಫಕೀರಪ್ಪನವರ ಊರಿಗೆ ನಡೆದುಕೊಂಡು ಹೋದೆ. ಅವರು ಮನೆಯಲ್ಲಿರಲಿಲ್ಲ. ಊರ ದನ ಕಾಯಲು ಹೋಗಿದ್ದಾರೆ ಎಂದರು ಅವರ ಹೆಂಡತಿ ಈರವ್ವ. ಇಷ್ಟು ವರ್ಷ ಕಾಡಿನ ದಾರಿ ತೋರಿಸಿದ ಮನುಷ್ಯ ಈಗ ಮಂದಿಯ ಎಮ್ಮೆಯ ಹಿಂದೆ. ನಾನು ಯಾರು ಎಂದು ಹೇಳಿದೆ. ಈರವ್ವ ಬೈಯುತ್ತಾರೆ ಎಂದುಕೊಂಡೆ. ಕಂಬಳಿ ಹಾಸಿ ಕೂಡ್ರಿಸಿ, ನೀರು, ಬೆಲ್ಲ ಕೊಟ್ಟರು. ಆ ಬೆಲ್ಲ ಬಾಯಿಗೆ ಹಾಕಿಕೊಳ್ಳಲು ನನ್ನಿಂದ ಆಗಲಿಲ್ಲ.

“ತುತ್ತು ಇಡೋ ಅಕ್ಕಾರು ನೀವಽ ಏನ್ರಿ?” ಎಂದು ಈರವ್ವ ಕೇಳಿದರು. “ದಿನಾ ಸಂಜೀಕ ತರ್ತಿದ್ರು. ಬಂದ ಕೂಡ್ಲೆ ಮಾಳಗಿ ಮ್ಯಾಲ ಹತ್ತಿ ಕಾಗಿಗೆ ಇಡೋರು. ಅಕ್ಕಾರ ತುತ್ತು, ಕಾಲಾಗ ಸಿಗಬಾರದು ಅಂತಿದ್ರು. ಒಂದಿನ ನಾನೂ ಒಂದ ಚಿಟಿಕಿ ಬಾಯಾಗ ಹಾಕ್ಕೊಂಡು ನೋಡೀನಿ, ತಪ್ಪ ತಿಳೀಬ್ಯಾಡ್ರಿ. ಛಲೋ ಮಾಡ್ತೀರಿ. ಸುಂಠಿ ಒಂಚೂರು ಜಾಸ್ತಿ.”

ನೆಲಕ್ಕೆ ಹೋದ ಕೈ ಇಡುತ್ತಿರಲಿಲ್ಲ, ಎತ್ತುತ್ತಿತ್ತು. ನಾನು ಅರ್ಧ ದಾರಿ ಬಂದಿದ್ದೆ, ಉಳಿದರ್ಧವನ್ನು ಈರವ್ವ ಹೀಗೆ ನಗುತ್ತ ನಗುತ್ತ ಹೇಳಿಬಿಟ್ಟರು. ನಾನು ಕಂಬಳಿಯ ಮೇಲೆ ಕೂತು ಅತ್ತೆ. ಮಕ್ಕಳ ಎದುರಿಗೂ ಗಂಡನ ಎದುರಿಗೂ ಹಾಗೆ ಅತ್ತವಳಲ್ಲ.

ಫಕೀರಪ್ಪ ದನ ಹೊಡೆದುಕೊಂಡು ಬಂದಾಗ ಹೊತ್ತು ನೆತ್ತಿಗೆ ಬಂದಿತ್ತು. ನನ್ನನ್ನು ನೋಡಿ ಆಶ್ಚರ್ಯಪಡಲಿಲ್ಲ. ಕಟ್ಟೆಯ ಮೇಲೆ ದೂರ ಕೂತರು.

“ಕರಡಿ ಮರದ ಬುಡಕ್ಕ ಬಂತೇನ್ರಿ?” ಎಂದು ಮೊದಲು ಅದನ್ನೇ ಕೇಳಿದರು.

“ಬಂತ್ರಿ. ಏಣಿಗೂ ಕೈ ಹಚ್ಚಿತು.”

ಅವರು ಕಣ್ಣು ಮುಚ್ಚಿದರು. “ಇನ್ನ ಅದರ ಗತಿ ಮುಗೀತು ನೋಡ್ರಿ, ಲಗೂ ಏನರ ಮಾಡಲಿಲ್ಲಂದ್ರ.”

“ನನಗೊಂದು ಮಾತು ಹೇಳಬಾರದಿತ್ತೇನ್ರಿ ಫಕೀರಪ್ಪಾ? ಇಲ್ಲಿ ಇಡಬ್ಯಾಡ್ರಿ ಅಂತ?”

“ಉಣ್ಣೂಕಿಂತ ಮದಲ ತುತ್ತು ತಗದಿಡೋರಿಗೆ ಇಡಬ್ಯಾಡ್ರಿ ಅಂತ ಹೆಂಗ ಹೇಳ್ಲಿ? ನಮ್ಮವ್ವನೂ ಇಡ್ತಿದ್ಲು. ನಾ ಎತ್ತಿ ಕಾಗಿಗೆ ಮುಟ್ಟಿಸಿದ್ರ ನಿಮ್ಮದೂ ಆಗತೈತಿ, ಕರಡೀದೂ ಆಗತೈತಿ ಅನ್ಕೊಂಡೆ.”

“ಆ ದಿನಾ ಶಿವಾನಂದನ ಮುಂದರ ಹೇಳಬೇಕಿತ್ತು.”

“ಹೇಳಿದ್ರ ತಿನಿಸಿದೋರು ರಜಿಸ್ಟರ್ ಬರಿಯೋರಽ ಅಂತ ಆಗ್ತಿತ್ತು. ಅಟ್ಟಣಗಿ ಬಂದ್ ಆದ್ರ ಆರೂ ಮಂದೀದು ಹೋಗ್ತಿತ್ತು. ನಂದೊಂದ ಹೋಗ್ಲಿ ಬಿಡು ಅಂದೆ.” ಬೆರಳಿಲ್ಲದ ಕೈಯಿಂದ ಮೊಣಕಾಲಿನ ಧೂಳು ಕೊಡವಿದರು. “ಸಿಟ್ಟು ಬಂದಿಲ್ಲ ಅಂದ್ರ ಸುಳ್ಳಾಗತೈತ್ರಿ. ಕೆಲಸ ಹೋದದ್ದಕ್ಕಲ್ಲ. ನೀವು ಚೀಲ ತಗದು ನೋಡಿದ್ರಿ. ನನ್ನ ಕೇಳಲಿಲ್ಲ. ನೀವು ಕೇಳಿದ್ರ ನಿಮಗ ಹೇಳ್ತಿದ್ದೆ.”

ಎದ್ದು ಹೊರಟೆ. ಮೂವತ್ತೊಂದು ವರ್ಷದಲ್ಲಿ ಎಷ್ಟು ಹುಡುಗರ ಕಿಸೆಗೆ ಕೈ ಹಾಕಿದ್ದೆ, ಒಬ್ಬನನ್ನಾದರೂ ಮೊದಲು ಕೇಳಿದ್ದೆನೇ ಎಂದು ದಾರಿಯುದ್ದಕ್ಕೂ ನೆನೆಸಿಕೊಂಡೆ. ಒಂದು ಮುಖವೂ ನೆನಪಾಗಲಿಲ್ಲ.

ತೋಟಕ್ಕೆ ಬಂದು ರಜಿಸ್ಟರ್ ಬಿಚ್ಚಿದೆ. ಶಿವಾನಂದ ಎದುರು ನಿಂತು ಕೈಮುಗಿದ. “ಮೇಡಂ, ಬಾಯಿಲೆ ಕ್ಷಮಾ ಕೇಳ್ರಿ ಸಾಕು. ಫಕೀರಪ್ಪ ಕಾಕಾನ್ನ ನಾಳೆನ ಕರಸ್ತೇನಿ. ಆದ್ರ ಬರೀಬ್ಯಾಡ್ರಿ. ಬರದ್ರ ಎಲ್ಲಾ ಮುಗೀತು.” ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೆ ಫಕೀರಪ್ಪನವರ ಮೇಲಿನ ಸಾಲು ನನ್ನ ಅಕ್ಷರದಲ್ಲಿ ಅಲ್ಲಿ ಹಾಗೆಯೇ ಕೂತಿತ್ತು. ಕರಡಿ ಬೇರೆ ದಿನಕ್ಕೊಂದು ಹೆಜ್ಜೆ ಮನುಷ್ಯರ ಕಡೆಗೆ ಬರುತ್ತಿತ್ತು, ಅದನ್ನು ತಡೆಯುವ ಶಕ್ತಿ ಇದ್ದವರಿಗೆ ನಿಜ ಗೊತ್ತಾಗಲೇಬೇಕಿತ್ತು. ಆ ಸಾಲಿನ ಕೆಳಗೆ ಬರೆದೆ: ಮೇಲಿನದು ತಪ್ಪು. ಕರಡಿಗೆ ತಿನಿಸು ಹಾಕಿದವಳು ನಾನು. ಕಾವಲುಗಾರರು ಅದನ್ನು ದಿನಾ ಎತ್ತಿ ಒಯ್ಯುತ್ತಿದ್ದರು. ಸಹಿ ಹಾಕಿದೆ.

ಅರಣ್ಯ ಕಚೇರಿಯವರು ಬಂದರು, ಓದಿದರು, ಅಟ್ಟಣಿಗೆಗೆ ಬೀಗ ಬಿತ್ತು. ಕೋಣೆಗಳು ಉಳಿದವು, ನವಿಲು ನೋಡಲು ಯಾರಾದರೂ ಬಂದರೆ ಬರಲಿ ಎಂದು. ಶಿವಾನಂದ ಅಂದಿನಿಂದ ನನಗೆ ಫೋನು ಮಾಡಿಲ್ಲ. ಮಾಡಬೇಕೆಂದು ನಾನೂ ನಿರೀಕ್ಷಿಸುವುದಿಲ್ಲ, ನನ್ನಿಂದ ಅವನ ತೋಟ ಅರ್ಧ ಖಾಲಿಯಾಯಿತು. ಕರಡಿಯನ್ನು ಆ ಮರದಿಂದ ದೂರ ಇಡಲು ಅದರ ನಡಿಗೆ ಬಲ್ಲವರು ಬೇಕಿತ್ತು. ಕಚೇರಿಯವರು ಫಕೀರಪ್ಪನವರನ್ನೇ ಕರೆದರು. ಅವರು ಹುಣಸೆಬುಡಕ್ಕೆ ಮುಳ್ಳು ಹೊಡೆದು, ಮೆಣಸಿನಕಾಯಿ ಹೊಗೆ ಹಾಕಿ ಮೂರು ವಾರ ಕಾದರು. ಜೂನಿನಲ್ಲಿ ಮೊದಲ ಮಳೆ ಬಿತ್ತು, ಕಾಡಿನೊಳಗೆ ಗೆದ್ದಲು ಎದ್ದವು, ನೇರಳೆ ಉದುರಿದವು. ತಾಯಿ ಮರಿ ಎರಡೂ ಒಳಗೆ ಹೋದವು ಎಂದು ಯಾರೋ ಹೇಳಿ ಕಳಿಸಿದರು. ನಾನು ಆಗಲೇ ಸಪ್ತಾಪುರಕ್ಕೆ ಬಂದುಬಿಟ್ಟಿದ್ದೆ.

ಅದಾಗಿ ಎರಡು ವರ್ಷ ಫಕೀರಪ್ಪನವರ ಸುದ್ದಿಯಿರಲಿಲ್ಲ. ನಾನು ಎರಡು ಸಲ ಪತ್ರ ಬರೆದೆ, ಉತ್ತರ ಬರಲಿಲ್ಲ. ಬರದಿದ್ದರೆ ತಪ್ಪಿಲ್ಲ ಎಂದುಕೊಂಡಿದ್ದೆ. ಮೊನ್ನೆ ಭಾನುವಾರ ಗೇಟಿನ ಸದ್ದಾಯಿತು. ನಮ್ಮವರು ಹೋಗಿ, “ಯಾರೋ ರುಮಾಲಿನವ್ರು ಬಂದಾರ ನೋಡು,” ಎಂದರು. ಮಗಳ ಮದುವೆಯ ಕರೆಯೋಲೆ ಹಿಡಿದು ಫಕೀರಪ್ಪ ಬಾಗಿಲಲ್ಲಿ ನಿಂತಿದ್ದರು.

ಕೂಡ್ರಿಸಿದೆ, ಚಹಾ ಕೊಟ್ಟೆ. ಕರಡಿ ಹೇಗಿದೆ ಎಂದು ಕೇಳಿದೆ. ಮರಿ ದೊಡ್ಡದಾಗಿದೆಯಂತೆ, ಈಗ ತಾಯಿಯನ್ನು ಬಿಟ್ಟು ಒಂದೇ ತಿರುಗುತ್ತದಂತೆ, ಮನುಷ್ಯರ ಸದ್ದು ಕೇಳಿದರೆ ಓಡುತ್ತದಂತೆ. ಅದನ್ನು ಹೇಳುವಾಗ ಅವರ ಮುಖದಲ್ಲಿ ಬೆಳಕಿತ್ತು. ಆಮೇಲೆ ಹೆಗಲಿನಿಂದ ಚೀಲ ಇಳಿಸಿ ನಮ್ಮಿಬ್ಬರ ನಡುವಿನ ಮೇಜಿನ ಮೇಲಿಟ್ಟರು. ಅದೇ ಖಾಕಿ ಚೀಲ. ಒಗೆದು ಒಗೆದು ಬಣ್ಣ ಹೋಗಿತ್ತು, ಬಾಯಿಗೆ ಗಂಟು ಹಾಕಿತ್ತು. ಒಳಗಿನಿಂದ ಬೆಲ್ಲ, ತುಪ್ಪದ ವಾಸನೆ ಬಂತು.

“ತಗದು ನೋಡ್ರಿ ಅಕ್ಕಾರ,” ಎಂದರು.

ನಗುತ್ತಿದ್ದರೋ ಇಲ್ಲವೋ ನನಗೆ ತಿಳಿಯಲಿಲ್ಲ. ಕಣ್ಣು ಮಾತ್ರ ಆ ದಿನ ನೋಡಿದ ಹಾಗೆಯೇ ನನ್ನ ಮೇಲೆ ನಿಂತಿದ್ದವು. ನಮ್ಮವರು ಪೇಪರ್ ಕೆಳಗಿಟ್ಟರು. ನನ್ನ ಎರಡೂ ಕೈ ತೊಡೆಯ ಮೇಲೆಯೇ ಇದ್ದವು.

“ಏನೈತ್ರಿ ಇದರಾಗ, ಫಕೀರಪ್ಪಾ?” ಎಂದು ಕೇಳಿದೆ.

“ಮಾದ್ಲಿ ಐತ್ರಿ,” ಎಂದರು ಅವರು. “ಈರವ್ವ ಕಳಸ್ಯಾಳ. ಸುಂಠಿ ಕಡಿಮಿ ಹಾಕ್ಯಾಳ.”